ಕಮ್ಯುನಿಟಿ ಕಾಲೇಜಿನಲ್ಲಿ ಸೈಕಾಲಜಿ ಓದಿದರೆ ಮುಂದೆ ಕೆಲಸ ಸಿಗುತ್ತಾ?

ಪಿಯುಸಿ ಮುಗಿಸಿ ಅಪ್ಪ ಅಮ್ಮನ ಜೊತೆ ಕ್ಯಾಲಿಫೋರ್ನಿಯಾಕ್ಕೆ ಬಂದಿದ್ದೀರಿ, ಸೈಕಾಲಜಿ ಇಷ್ಟ, ಆದರೆ ಮೊದಲ ಎರಡು ವರ್ಷ ಓದಿ ಆಮೇಲೆ ಯೂನಿವರ್ಸಿಟಿಗೆ ಹೋಗೋ ಈ ಕಮ್ಯುನಿಟಿ ಕಾಲೇಜಿಗೆ ಬೆಲೆ ಇದೆಯಾ ಅನ್ನೋ ಭಯ. ನಾನೂ ಹಾಗೇ ಬಂದವಳು.

ಶಿವಮೊಗ್ಗದಲ್ಲಿ ಪಿಯುಸಿಗೆ ಎಚ್‌ಇಪಿಎಸ್ ಅನ್ನೋ ಆರ್ಟ್ಸ್ ಕಾಂಬಿನೇಷನ್ ತಗೊಂಡಿದ್ದೆ. ಲೆಕ್ಕದ ಸಹವಾಸ ಎಸ್ಸೆಸ್ಸೆಲ್ಸಿಗೇ ಮುಗೀತು ಅಂದುಕೊಂಡಿದ್ದೆ. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದ ಕಮ್ಯುನಿಟಿ ಕಾಲೇಜಿಗೆ ಸೇರಿದ ಮೇಲೆ ಇಷ್ಟವಾದ ಕ್ಲಾಸುಗಳನ್ನೇ ಮೊದಲು ಹಾಕಿಕೊಂಡೆ: ಮಕ್ಕಳ ಬೆಳವಣಿಗೆ, ಸೋಷಿಯಲ್ ಸೈಕಾಲಜಿ, ಅಬ್‌ನಾರ್ಮಲ್ ಸೈಕಾಲಜಿ. ಒಳ್ಳೆ ಗ್ರೇಡೂ ಬಂತು. ಸ್ಟ್ಯಾಟಿಸ್ಟಿಕ್ಸ್ ಮಾತ್ರ ಮುಂದಿನ ಸೆಮಿಸ್ಟರ್, ಮುಂದಿನ ಸೆಮಿಸ್ಟರ್ ಅಂತ ತಳ್ಳುತ್ತಾ ಹೋದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ರಾಜ್ಯದ ತುಂಬ ಕ್ಯಾಂಪಸ್ ಇರೋ ಕ್ಯಾಲ್ ಸ್ಟೇಟ್ ಯೂನಿವರ್ಸಿಟಿಗೆ ಮೂರನೇ ವರ್ಷಕ್ಕೆ ಟ್ರಾನ್ಸ್‌ಫರ್ ಆಗೋಕೆ 60 ಯೂನಿಟ್ (ಅಂದರೆ ಕ್ರೆಡಿಟ್) ಇದ್ದರೆ ಸಾಲದು. ಇಂಗ್ಲಿಷ್ ಬರವಣಿಗೆ, ಭಾಷಣ, ಕ್ರಿಟಿಕಲ್ ಥಿಂಕಿಂಗ್, ಗಣಿತ (ನನಗೆ ಅದು ಸ್ಟ್ಯಾಟಿಸ್ಟಿಕ್ಸ್), ಈ ನಾಲ್ಕರಲ್ಲೂ ಕಡೇಪಕ್ಷ ಸಿ ಮೈನಸ್ ಬಂದಿರಬೇಕು. ಆಗಸ್ಟ್‌ನಲ್ಲಿ ಸೇರಬೇಕು ಅಂದರೆ ಅದಕ್ಕೆ ಹಿಂದಿನ ಸ್ಪ್ರಿಂಗ್ ಸೆಮಿಸ್ಟರ್ ಒಳಗೇ, ಅಂದರೆ ಬೇಸಿಗೆ ರಜೆಗೆ ಮುಂಚೆಯೇ, ಇವೆಲ್ಲ ಮುಗಿದಿರಬೇಕು. ಬೇಸಿಗೆ ರಜೆಯಲ್ಲಿ ಸ್ಟ್ಯಾಟಿಸ್ಟಿಕ್ಸ್ ಮುಗಿಸಿಬಿಡ್ತೀನಿ ಅಂತ ನಾನು ನಿಶ್ಚಿಂತೆಯಿಂದ ಇದ್ದೆ. ಅದು ಲೆಕ್ಕಕ್ಕೆ ಬರಲಿಲ್ಲ. ನಮ್ಮ ಕಾಲೇಜಿನಲ್ಲಿ ರಿಸರ್ಚ್ ಮೆಥಡ್ಸ್‌ಗೂ ಸ್ಟ್ಯಾಟಿಸ್ಟಿಕ್ಸ್ ಮೊದಲೇ ಆಗಿರಬೇಕಿತ್ತು, ಹಾಗಾಗಿ ಅದೂ ನಿಂತಿತು. ಯೂನಿಟ್ ಬೇಕಾದಷ್ಟಿದ್ದೂ ಒಂದು ವರ್ಷ ಹೋಯ್ತು. ಯಾವ ಕ್ಯಾಂಪಸ್ಸಿಗೆ ಯಾವ ಕ್ಲಾಸ್ ಬೇಕು ಅಂತ ಅಸಿಸ್ಟ್ ಅನ್ನೋ ವೆಬ್‌ಸೈಟಿನಲ್ಲಿ ಪುಕ್ಕಟೆ ನೋಡಬಹುದಿತ್ತು. ನೋಡಲಿಲ್ಲ.

ಆ ವರ್ಷ ಬಿಹೇವಿಯರ್ ಟೆಕ್ನಿಷಿಯನ್ ಕೆಲಸಕ್ಕೆ ಸೇರಿದೆ. ಆಟಿಸಂ ಇರೋ ಮಕ್ಕಳ ಮನೆಗೆ ಹೋಗಿ ಕಲಿಸೋ ಕೆಲಸ. ಇದಕ್ಕೆ 40 ಗಂಟೆ ತರಬೇತಿ, ಒಂದು ಪರೀಕ್ಷೆ ಇರುತ್ತೆ, ಡಿಗ್ರಿ ಬೇಕಿಲ್ಲ. ಒಬ್ಬ ಪುಟ್ಟ ಹುಡುಗ ಜ್ಯೂಸ್ ಬೇಕಾದರೆ ಕಿರುಚುತ್ತಿದ್ದ. ನಾವು ಫ್ರಿಡ್ಜ್ ಕಡೆ ಬೆರಳು ತೋರಿಸೋದು ಕಲಿಸುತ್ತಿದ್ದೆವು. ಅವನು ತಾನಾಗೇ ತೋರಿಸಿದಾಗಲೆಲ್ಲ ಹಾಳೆಯಲ್ಲಿ ಒಂದು ಗೀಟು. ವಾರದ ಕೊನೆಗೆ ಆ ಗೀಟುಗಳನ್ನು ಗ್ರಾಫಿಗೆ ಹಾಕಿ, ಕಲಿಸೋ ಕ್ರಮ ಬದಲಿಸಬೇಕಾ ಅಂತ ಸೂಪರ್‌ವೈಸರ್ ತೀರ್ಮಾನ ಮಾಡೋರು. ಆಮೇಲೆ ಕ್ಲಾಸಿನಲ್ಲಿ ಅದೇ ಸ್ಟ್ಯಾಟಿಸ್ಟಿಕ್ಸ್ ಸಲೀಸಾಗಿ ತಲೆಗೆ ಹತ್ತಿತು.

ಈಗ ನಿಮ್ಮ ಪ್ರಶ್ನೆ. ಕಮ್ಯುನಿಟಿ ಕಾಲೇಜಾ, ದೊಡ್ಡ ಯೂನಿವರ್ಸಿಟಿಯಾ ಅಂತ ತಲೆ ಕೆಡಿಸಿಕೊಳ್ಳೋದೇ ತಪ್ಪು. ಬರ್ಕ್ಲಿಯಲ್ಲಿ ನಾಲ್ಕು ವರ್ಷ ಓದಿ ಬಿಎ ಮಾಡಿದವರೂ ಅಷ್ಟಕ್ಕೇ ಥೆರಪಿಸ್ಟ್ ಆಗಲ್ಲ. ಇಲ್ಲಿ ಬೆಲೆ ಇರೋದು ಲೈಸೆನ್ಸಿಗೆ. ಮ್ಯಾರೇಜ್ ಅಂಡ್ ಫ್ಯಾಮಿಲಿ ಥೆರಪಿಸ್ಟ್ ಆಗೋಕೆ ಮಾಸ್ಟರ್ಸ್ ಬೇಕು, ಮೇಲ್ವಿಚಾರಣೆಯಲ್ಲಿ 3,000 ಗಂಟೆ ಕೆಲಸ ಬೇಕು, ಎರಡು ಪರೀಕ್ಷೆ ಪಾಸಾಗಬೇಕು. ಕ್ಲಿನಿಕಲ್ ಸೋಷಿಯಲ್ ವರ್ಕರ್‌ಗೂ ಹೆಚ್ಚುಕಮ್ಮಿ ಇದೇ ದಾರಿ. ನಾನೀಗ ಆ ಗಂಟೆಗಳನ್ನು ಕೂಡಿಸುತ್ತಿದ್ದೇನೆ. ಮೊದಲ ಎರಡು ವರ್ಷ ಎಲ್ಲಿ ಓದಿದೆ ಅಂತ ಇವತ್ತಿನವರೆಗೆ ಯಾವ ಕ್ಲಯಂಟೂ ಕೇಳಿಲ್ಲ. ಯೂನಿಟ್ಟಿಗೆ 46 ಡಾಲರ್ ಕೊಟ್ಟು ಓದಿದ್ದರಿಂದ ಮಾಸ್ಟರ್ಸ್‌ಗೆ ಸಾಲ ಕಮ್ಮಿ ಆಯ್ತು, ಅಷ್ಟೇ.

ಅಷ್ಟು ವರ್ಷ ಓದೋಕೆ ಆಗಲ್ಲ, ಬೇಗ ದುಡಿಯಲೇಬೇಕು ಅಂತಿದ್ದರೆ ಕಮ್ಯುನಿಟಿ ಕಾಲೇಜು ಕೊಡೋ ಎರಡು ವರ್ಷದ ಸೈಕಾಲಜಿ ಎಎ ಡಿಗ್ರಿ ಬೇಡ. ಕೆಲವು ಕಮ್ಯುನಿಟಿ ಕಾಲೇಜುಗಳಲ್ಲಿ ಮಾನಸಿಕ ರೋಗಿಗಳನ್ನು ನೋಡಿಕೊಳ್ಳೋ ಸೈಕಿಯಾಟ್ರಿಕ್ ಟೆಕ್ನಿಷಿಯನ್ ಕೋರ್ಸ್ ಇದೆ. ಅದಕ್ಕೆ ರಾಜ್ಯದ್ದೇ ಲೈಸೆನ್ಸ್ ಇದೆ, ನಾಪಾ ಸ್ಟೇಟ್ ಹಾಸ್ಪಿಟಲ್‌ನಂಥ ಸರ್ಕಾರಿ ಮಾನಸಿಕ ಆಸ್ಪತ್ರೆಗಳಲ್ಲಿ ಕೆಲಸ ಇದೆ.

ಓದೇ ಓದುತ್ತೀನಿ ಅಂದರೆ ಸುಮ್ನೆ ಎಎ ಅಲ್ಲ, ಟ್ರಾನ್ಸ್‌ಫರ್‌ಗೆ ಅಂತಲೇ ಇರೋ ಎಎ-ಟಿ ಡಿಗ್ರಿ ಕೇಳಿ. ಅದಿದ್ದರೆ ಕ್ಯಾಲ್ ಸ್ಟೇಟ್‌ನ ಯಾವುದಾದರೂ ಒಂದು ಕ್ಯಾಂಪಸ್ಸಿನಲ್ಲಿ ಸೀಟು ಖಾತ್ರಿ, ಆದರೆ ಇಷ್ಟಪಟ್ಟ ಕ್ಯಾಂಪಸ್ಸೇ ಅಂತ ಹೇಳೋಕಾಗಲ್ಲ. ಈ ವಾರವೇ ಕೌನ್ಸೆಲರ್ ಅಪಾಯಿಂಟ್‌ಮೆಂಟ್ ತಗೊಳ್ಳಿ. ಸ್ಟ್ಯಾಟಿಸ್ಟಿಕ್ಸನ್ನು ಮೊದಲ ವರ್ಷವೇ ಹಾಕಿಕೊಳ್ಳಿ.