ಎಂಟನೇ ಕ್ಲಾಸಿಗೆ ಬಾರದವರು

ಚಳ್ಳಕೆರೆ ಕಡೆಯ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. 1983ರ ಜೂನಿನಲ್ಲಿ ಹೈಸ್ಕೂಲು ಸೇರಿದವರು. "ಆ ಪ್ರಪಂಚ ಮತ್ತೆ ಬರಲ್ಲ ಸಾರ್. ಈಗಿನ ಮಕ್ಕಳಿಗೆ ಎಲ್ಲ ಇದೆ, ನಮಗಿದ್ದ ಸುಖ ಮಾತ್ರ ಇಲ್ಲ. ನೀವೂ ಒಪ್ತೀರಿ ಅಲ್ವಾ?" ಅಂತ ಕೇಳಿದ್ದಾರೆ.

ಮಿತ್ರರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಚಡ್ಡಿ ಜೇಬಿನಲ್ಲಿ ಹುರಿದ ಕಡಲೆಕಾಯಿ, ಅರ್ಧ ಬೆಲೆಗೆ ಕೊಂಡ ಹಳೇ ಪುಸ್ತಕ, ಶಾಲೆ ಶುರುವಾಗಿ ತಿಂಗಳು ತುಂಬುವ ಮೊದಲೇ ಜೂನ್ 25ರ ರಾತ್ರಿ ರೇಡಿಯೊಗೆ ಕಿವಿ ಹಚ್ಚಿ ಕೂತದ್ದು, 183ಕ್ಕೆ ಆಲೌಟಾದ ಕಪಿಲ್ ದೇವ್ ತಂಡ 43 ರನ್ನಿಂದ ವಿಶ್ವಕಪ್ ಗೆದ್ದದ್ದು, ಎಲ್ಲ ಚೆನ್ನಾಗಿ ಬರೆದಿದ್ದೀರಿ. ನಾನೂ ಅದೇ ಕಾಲದವನು. ಆ ದಿನಗಳು ಚೆನ್ನಾಗಿದ್ದವು, ಇಲ್ಲ ಅನ್ನಲ್ಲ. ಆದರೆ ಮೂರನೇ ಪುಟದಲ್ಲಿ ನೀವೇ ಬರೆದ ಒಂದು ಸಾಲಿದೆ. "ಏಳನೇ ಕ್ಲಾಸಿನಲ್ಲಿ ನಲವತ್ತು ಜನ ಇದ್ದೆವು, ಅದರಲ್ಲಿ ನಾವು ಹನ್ನೊಂದು ಹುಡುಗರು ಒಟ್ಟಿಗೆ ಹೈಸ್ಕೂಲಿಗೆ ನಡೆದು ಹೋಗುತ್ತಿದ್ದೆವು." ಅಷ್ಟು ಹೇಳಿ ನೀವು ಮುಂದಕ್ಕೆ ಹೋಗಿಬಿಟ್ಟಿರಿ. ನಾನು ಅಲ್ಲೇ ನಿಂತೆ. ಉಳಿದವರು ಎಲ್ಲಿ ಹೋದರು?

ನನ್ನ ಅಕ್ಕನ ವಿಷಯ ಹೇಳುತ್ತೇನೆ. ನಮ್ಮದು ಸಾಗರದ ಕಡೆಯ ಹಳ್ಳಿ. ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆಯಲ್ಲಿ ಅಕ್ಕ ಫಸ್ಟ್ ಕ್ಲಾಸ್. ಹೈಸ್ಕೂಲು ಆರು ಕಿಲೋಮೀಟರ್ ದೂರ, ನಡುವೆ ಹಳ್ಳ, ಹಳ್ಳಕ್ಕೆ ಅಡಿಕೆ ಮರದ ಸಂಕ. ಮಳೆಗಾಲದಲ್ಲಿ ಹೆಣ್ಣುಹುಡುಗಿ ಹೇಗೆ ಹೋಗ್ತಾಳೆ ಅಂದರು ಅಪ್ಪ. ಮಾತು ಅಲ್ಲಿಗೇ ಮುಗಿಯಿತು. ಎರಡು ವರ್ಷದ ನಂತರ ಅದೇ ಸಂಕದ ಮೇಲೆ ಕಂಬಳಿ ಕೊಪ್ಪೆ ಹಾಕಿಕೊಂಡು ನಾನು ಹೋದೆ. ಹೇಗೆ ಹೋಗ್ತೀಯ ಅಂತ ನನ್ನನ್ನು ಯಾರೂ ಕೇಳಲಿಲ್ಲ. ನನ್ನ ಪುಸ್ತಕಗಳಿಗೆ ಹಳೇ ಪೇಪರಿನ ಬೈಂಡ್ ಹಾಕಿದ್ದು ಅಕ್ಕನೇ, ಅನ್ನದ ಅಗುಳನ್ನು ಬೆರಳಲ್ಲಿ ಅರೆದು ಅಂಟಿಸಿ. ಕ್ಲಾಸಿನಲ್ಲಿ ಮೇಷ್ಟ್ರು ಮೂರನೇ ಪಾಠ ತೆಗೆಸಿದರೆ ಪುಟದ ಮೂಲೆಯಲ್ಲಿ ಸಣ್ಣದೊಂದು ಮಸಿ ಗುರುತು, ಹೆಬ್ಬೆರಳಿನದು. ನಾಲ್ಕನೇ ಪಾಠದಲ್ಲೂ ಇತ್ತು. ಒಲೆ ಮುಂದೆ ಕೂತು ನನಗಿಂತ ಮೊದಲೇ ಇಡೀ ಪುಸ್ತಕ ಓದಿ ಮುಗಿಸಿದ್ದಳು. ಕನ್ನಡ, ವಿಜ್ಞಾನ, ಸಮಾಜ, ಎಲ್ಲ. ಗಣಿತದಲ್ಲಿ ಮಾತ್ರ ಗುರುತು ಹದಿನೈದಿಪ್ಪತ್ತು ಪುಟಕ್ಕೆ ನಿಂತಿತ್ತು. ಹೇಳಿಕೊಡುವವರು ಇರಲಿಲ್ಲ.

ಇದು ನಮ್ಮ ಮನೆಯದೊಂದೇ ಕತೆ ಅಲ್ಲ. 1981ರ ಜನಗಣತಿ ತೆಗೆದು ನೋಡಿ, ಕರ್ನಾಟಕದ ಮೂವರು ಹೆಂಗಸರಲ್ಲಿ ಇಬ್ಬರಿಗೆ ಓದು ಬರಹ ಬರುತ್ತಿರಲಿಲ್ಲ. ನಮ್ಮಲ್ಲಿ ಹಳ್ಳ ಅಡ್ಡ ಬಂದರೆ ನಿಮ್ಮ ಬಯಲುಸೀಮೆಯಲ್ಲಿ ನೀರಿನ ಕೊಡ ಅಡ್ಡ ಬರುತ್ತಿತ್ತು. ನೀವು ನೆನೆಯುವ ಅದೇ 1983ರಲ್ಲಿ ರಾಮಕೃಷ್ಣ ಹೆಗಡೆಯವರ ಸರ್ಕಾರ ಬಂತು, ಅದರಲ್ಲಿ ಮಂತ್ರಿಯಾದ ಅಬ್ದುಲ್ ನಜೀರ್ ಸಾಬ್ ಊರೂರಿಗೆ ಬೋರ್‌ವೆಲ್ ಕೊರೆಸಿ ಜನರ ಬಾಯಲ್ಲಿ 'ನೀರ್ ಸಾಬ್' ಆದರು. ಬೆಳಗಾಗೆದ್ದು ದೂರದಿಂದ ನೀರು ಹೊರುತ್ತಿದ್ದ ಹುಡುಗಿಗೆ ಊರ ಬಾಗಿಲಿಗೆ ಬಂದ ಆ ಕೈಪಂಪು ವಿಶ್ವಕಪ್ಪಿಗಿಂತ ದೊಡ್ಡದು. ನಿಮ್ಮ ನಾಲ್ಕು ಪುಟದಲ್ಲಿ ಅದಕ್ಕೊಂದು ಸಾಲು ಇರಬೇಕಿತ್ತು.

ನಡೆದೇ ಗಟ್ಟಿಯಾದೆವು ಅಂತ ಬೇರೆ ಬರೆದಿದ್ದೀರಿ. ಗಟ್ಟಿಯಾದವರು ನೀವು ಹನ್ನೊಂದು ಜನ. ಮಿಕ್ಕವರನ್ನು ಮನೆಯಲ್ಲಿ ಕೂರಿಸಿದ್ದು ಆ ದೂರವೇ ಇರಬಹುದಲ್ವಾ?

2006–07ರಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡಲು ಶುರು ಮಾಡಿತು. ಆ ಹೊಸತರಲ್ಲಿ ಊರಿಗೆ ಹೋಗಿದ್ದೆ, ಅಕ್ಕನೂ ತವರಿಗೆ ಬಂದಿದ್ದಳು. ಸಂಜೆ ಜಗಲಿಯಲ್ಲಿ ಕೂತಿದ್ದಾಗ ರಸ್ತೆಯಲ್ಲಿ ಹುಡುಗಿಯರು ಸಾಲಾಗಿ ಬೆಲ್ ಮಾಡುತ್ತಾ ಬಂದರು. ಅಕ್ಕ ಎದ್ದು ನಿಂತು ಎಣಿಸಿದಳು. "ಏಳು ಜನ" ಅಂದಳು. ಮತ್ತೇನೂ ಮಾತಾಡಲಿಲ್ಲ. ಅದೇ ಹೊತ್ತಿಗೆ ಬಿಹಾರದಲ್ಲೂ ಒಂಬತ್ತನೇ ಕ್ಲಾಸು ಸೇರುವ ಹುಡುಗಿಯರಿಗೆ ಸೈಕಲ್ ಕೊಳ್ಳಲು ದುಡ್ಡು ಕೊಟ್ಟರು. ಕಾರ್ತಿಕ್ ಮುರಳೀಧರನ್ ಮತ್ತು ನಿಶೀತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಅದನ್ನು ಅಳೆದು ನೋಡಿದ್ದಾರೆ. ಹೈಸ್ಕೂಲು ಸೇರುವ ಹುಡುಗಿಯರು ಶೇ. 32ರಷ್ಟು ಹೆಚ್ಚಿದ್ದರು, ಅದರಲ್ಲೂ ಶಾಲೆ ದೂರ ಇದ್ದ ಹಳ್ಳಿಗಳಲ್ಲೇ ಜಾಸ್ತಿ.

ನಮ್ಮಲ್ಲಿ ಕೋವಿಡ್ ಬಂದ ಮೇಲೆ ಆ ಸೈಕಲ್ ನಿಂತಿತು. ಶಾಲೆ ಬಾಗಿಲು ತೆರೆದ ಮೇಲೂ ವರ್ಷಗಟ್ಟಲೆ ಬರಲಿಲ್ಲ. ಈ ಕಡೆ ಮಕ್ಕಳು ಕಡಿಮೆ ಅಂತ ಹಳ್ಳಿ ಶಾಲೆಗಳನ್ನು ಮುಚ್ಚುತ್ತಾರೆ, ದೂರ ಮತ್ತೆ ಬೆಳೆಯುತ್ತದೆ. ನನ್ನ ಮೇಜಿನ ಮೇಲೆ ಹೈಸ್ಕೂಲು ದಿನಗಳ ನೆನಪಿನ ಲೇಖನ ವಾರವಾರ ಬಂದು ಬೀಳುತ್ತವೆ, ಎಲ್ಲದರಲ್ಲೂ ಅದೇ ಕಡಲೆಕಾಯಿ, ಅದೇ ರೇಡಿಯೊ. ಸೈಕಲ್ ಯಾಕೆ ನಿಂತಿತು ಅಂತ ಕೇಳಿ ಒಂದು ಪತ್ರ ಬಂದಿಲ್ಲ. ಸಿಟ್ಟು ನಿಮ್ಮೊಬ್ಬರ ಮೇಲಲ್ಲ. ನಮ್ಮ ತಲೆಮಾರೇ ತಾನು ಹತ್ತಿದ ಬಸ್ಸಿನ ಕಿಟಕಿಯಿಂದ ಹಿಂದೆ ತಿರುಗಿ ನೋಡಲಿಲ್ಲ.

ನಿಮ್ಮ ನೆನಪು ಗಟ್ಟಿ, ಬರವಣಿಗೆಯೂ ಚೆನ್ನಾಗಿದೆ. ಹಾಗಾಗಿ ಇನ್ನೊಂದು ಪತ್ರ ಬರೆಯಿರಿ. ಉಳಿದ ಇಪ್ಪತ್ತೊಂಬತ್ತು ಜನರ ಬಗ್ಗೆ. ಊರಿಗೆ ಹೋದಾಗ ಸಿಕ್ಕವರನ್ನು ಮಾತಾಡಿಸಿ, ಯಾಕೆ ಬರಲಿಲ್ಲ ಅಂತ ಕೇಳಿ, ಅವರು ಹೇಳಿದ್ದನ್ನು ಹಾಗೇ ಬರೆಯಿರಿ. ಎಂಟು ಪುಟವಾದರೂ ಸರಿ, ಒಂದು ಸಾಲೂ ಕತ್ತರಿಸದೆ ಹಾಕುತ್ತೇನೆ.