ಮಡಕೆ, ಸೇಬು, ಬಾಟಲಿಗಳ ಮುಂದೆ

ಪ್ರಶ್ನೆ: ಚಿತ್ರಕಲಾ ಶಾಲೆಗಳಲ್ಲಿ ಮಡಕೆ, ಹಣ್ಣು, ಬಾಟಲಿಗಳನ್ನು ಜೋಡಿಸಿಟ್ಟು ಸ್ಟಿಲ್ ಲೈಫ್ ಬರೆಸುತ್ತಾರೆ. ಕಲಿಯುವವರಿಗೆ ಅದು ಸರಿ. ಆದರೆ ನುರಿತ ಕಲಾವಿದರೂ ಮತ್ತೆ ಮತ್ತೆ ಅದಕ್ಕೇ ಮರಳುವುದೇಕೆ?
– ಓದುಗರೊಬ್ಬರು, ಧಾರವಾಡ

ಉತ್ತರ: ಈ ಅನುಮಾನ ಹಳೆಯದು. 17ನೇ ಶತಮಾನದ ಫ್ರೆಂಚ್ ಕಲಾ ಅಕಾಡೆಮಿಯು ಚಿತ್ರಪ್ರಕಾರಗಳಿಗೆ ಪಂಕ್ತಿ ಹಾಕಿದಾಗ ಪುರಾಣ, ಇತಿಹಾಸದ ಚಿತ್ರಗಳಿಗೆ ಮೊದಲ ಮಣೆ ಕೊಟ್ಟು, ಹಣ್ಣು ಪಾತ್ರೆಗಳ ಚಿತ್ರವನ್ನು ಕಟ್ಟಕಡೆಗೆ ಕೂರಿಸಿತ್ತು. ಆದರೂ 1728ರಲ್ಲಿ ಅದೇ ಅಕಾಡೆಮಿ ಇಂಥ ಚಿತ್ರಗಳ ಕಲಾವಿದ ಶಾರ್ದಾಂ ಅವರನ್ನು ಸದಸ್ಯರನ್ನಾಗಿ ಸೇರಿಸಿಕೊಂಡಿತು. ಅವರು ಒಪ್ಪಿಸಿದ್ದ ಚಿತ್ರಗಳಲ್ಲೊಂದು, ಅಡುಗೆಮನೆಯ ಗೋಡೆಗೆ ನೇತುಹಾಕಿದ, ಹೊಟ್ಟೆ ಸೀಳಿದ ಮೀನಿನದು. ನಮ್ಮ ಕರಾವಳಿಯವರು ತೊರಕೆ ಎನ್ನುವ ಜಾತಿಯ ಮೀನು ಅದು.

ಭಾವಚಿತ್ರಕ್ಕೆ ಕುಳಿತವರಿಗೆ ಕಾಲು ಜೋಮು ಹಿಡಿಯುತ್ತದೆ, ಬಯಲಿನ ಬೆಳಕು ಗಳಿಗೆಗೊಮ್ಮೆ ಬದಲಾಗುತ್ತದೆ. ಮೇಜಿನ ಮೇಲಾದರೋ ಯಾವ ವಸ್ತು ಎಲ್ಲಿರಬೇಕು, ಯಾವುದು ಯಾವುದನ್ನು ಮರೆಮಾಡಬೇಕು ಎಂಬುದೆಲ್ಲ ಕಲಾವಿದನ ಕೈಯಲ್ಲೇ ಇರುತ್ತದೆ. ಕುಂಚ ಹಿಡಿಯುವ ಮೊದಲೇ ಅರ್ಧ ಚಿತ್ರ ಮುಗಿದಿರುತ್ತದೆ ಎಂದರೆ ಅತಿಶಯವಲ್ಲ. 19ನೇ ಶತಮಾನದ ಫ್ರೆಂಚ್ ಚಿತ್ರಕಾರ ಸೆಝಾನ್ ಹಣ್ಣುಗಳ ಅಡಿಗೆ ನಾಣ್ಯಗಳನ್ನಿಟ್ಟು ಅವುಗಳ ವಾಲು ಸರಿಪಡಿಸುತ್ತಿದ್ದರಂತೆ. ಅವರ ಕೆಲಸ ಎಷ್ಟು ನಿಧಾನವೆಂದರೆ, ನಿಜವಾದ ಹೂಗಳು ಬಾಡಿಹೋಗುತ್ತಿದ್ದುದರಿಂದ ಕಾಗದದ ಹೂಗಳ ಮೊರೆಹೋಗಿದ್ದರು. ಅವರ ಕೆಲವು ಚಿತ್ರಗಳಲ್ಲಿ ಬಟ್ಟೆಯ ಎಡಬಲಗಳಲ್ಲಿ ಕಾಣುವ ಮೇಜಿನ ಅಂಚು ಒಂದೇ ಗೆರೆಯಲ್ಲಿ ಕೂಡುವುದಿಲ್ಲ. ಅದು ಕೈತಪ್ಪಲ್ಲ; ತಲೆ ತುಸು ಹೊರಳಿದರೂ ನೋಟ ಬದಲಾಗುತ್ತದೆ ಎಂಬುದನ್ನು ಮರೆಮಾಚದೆ ಹಾಗೆಯೇ ಉಳಿಸಿಕೊಂಡದ್ದು ಎಂದು ನನಗೆ ತೋರುತ್ತದೆ. ದೇವತೆಯೊಬ್ಬಳ ಚಿತ್ರದಲ್ಲಿ ಕಥೆಯ ಹಿಂದೆ ಮರೆಯಾಗಿಬಿಡಬಹುದಾದ ಇಂಥ ಸಂಗತಿ, ಸೇಬುಗಳ ಮುಂದೆ ಎದ್ದು ಕಾಣುತ್ತದೆ.

ನಿಮ್ಮ ಪ್ರಶ್ನೆಗೆ ತಕ್ಕ ಉದಾಹರಣೆಯೆಂದರೆ ಇಟಲಿಯ ಬೊಲೊನ್ಯಾದ ಜಾರ್ಜೊ ಮೊರಾಂಡಿ (1890–1964). ಸೋದರಿಯರೊಡನೆ ವಾಸವಿದ್ದ ಮನೆಯಲ್ಲಿ, ಮಲಗುವ ಕೋಣೆಯನ್ನೇ ಚಿತ್ರಶಾಲೆಯಾಗಿಸಿಕೊಂಡು, ಅವೇ ಬಾಟಲಿ, ಹೂಜಿ, ಡಬ್ಬಿಗಳನ್ನು ದಶಕಗಳ ಕಾಲ ಚಿತ್ರಿಸಿದರು. ಹೊಳಪು ಕಣ್ಣಿಗೆ ಚುಚ್ಚದಿರಲೆಂದು ಕೆಲವು ಬಾಟಲಿಗಳಿಗೆ ಬಣ್ಣ ಬಳಿದರು, ಧೂಳು ಕೂತರೆ ಒರೆಸುತ್ತಿರಲಿಲ್ಲ. (ಸೋದರಿಯರ ತಾಳ್ಮೆಯನ್ನೂ ಮೆಚ್ಚಬೇಕು.) ಎರಡು ಚಿತ್ರಗಳ ನಡುವೆ ಕೆಲವೊಮ್ಮೆ ಇರುವ ವ್ಯತ್ಯಾಸ, ಒಂದು ಡಬ್ಬಿ ಬೆರಳಗಲ ಸರಿದದ್ದು ಮಾತ್ರ; ಅಷ್ಟಕ್ಕೇ ನಡುವಿನ ಖಾಲಿ ಜಾಗದ ಆಕಾರ, ನೆರಳು, ಪಕ್ಕದ ಬಣ್ಣ ಎಲ್ಲವೂ ಬೇರೆಯಾಗುತ್ತವೆ. ವಸ್ತುಗಳನ್ನಿಟ್ಟ ಜಾಗ ತಪ್ಪದಂತೆ ಅವರು ಮೇಜಿನ ಕಾಗದದ ಮೇಲೆ ಪೆನ್ಸಿಲ್ಲಿನಿಂದ ಗುರುತು ಹಾಕಿಕೊಳ್ಳುತ್ತಿದ್ದರು.