ಕರಿಮದ್ದಿನ ರಿವಾಲ್ವರ್ ಪ್ರತಿಕೃತಿಗೆ ಎಷ್ಟು ಮದ್ದು ಸುರಕ್ಷಿತ?

ತಯಾರಕರ ಕೈಪಿಡಿ ಆ ಮಾದರಿಗೆ ಹೇಳಿರುವ ಗರಿಷ್ಠ ಅಳತೆಯನ್ನು ಮೀರದ ಕರಿಮದ್ದು ಮಾತ್ರ ಸುರಕ್ಷಿತ. ಇಂದಿನ ಬಂದೂಕುಗಳಲ್ಲಿ ಬಳಸುವ ಹೊಗೆರಹಿತ ಮದ್ದನ್ನು ಚಿಟಿಕೆಯಷ್ಟೂ ತುಂಬಬಾರದು. ಪೆಟ್ಲುಪ್ಪು, ಇದ್ದಿಲು ಮತ್ತು ಗಂಧಕ ಸೇರಿದ ಕರಿಮದ್ದು ಒತ್ತಡ ಏರಿದರೂ ಉರಿಯುವ ವೇಗವನ್ನು ಅಷ್ಟಾಗಿ ಹೆಚ್ಚಿಸಿಕೊಳ್ಳುವುದಿಲ್ಲ. ನೈಟ್ರೊಸೆಲ್ಯುಲೋಸ್‌ನಿಂದಾದ ಹೊಗೆರಹಿತ ಮದ್ದಾದರೋ ಒತ್ತಡ ಏರಿದಷ್ಟೂ ಬೇಗ ಉರಿದು ಒತ್ತಡವನ್ನು ಮತ್ತಷ್ಟು ಏರಿಸುವುದರಿಂದ, ಕಡಿಮೆ ಒತ್ತಡಕ್ಕೆಂದೇ ಮಾಡಿದ ಸಿಲಿಂಡರ್ (ಮದ್ದು, ಗುಂಡು ತುಂಬುವ ತಿರುಗುವ ಭಾಗ) ಕೈಯಲ್ಲೇ ಸಿಡಿಯಬಹುದು.

ತುಮಕೂರಿನ ತಮ್ಮ ಅಜ್ಜ ನಾಡಕೋವಿಗೆ ಕಣ್ಣಂದಾಜಿನಲ್ಲಿ ಮದ್ದು ತುಂಬುತ್ತಿದ್ದರೆಂದು ತಾವು ಬರೆದಿದ್ದೀರಿ. ಆ ರೂಢಿ ಇಲ್ಲಿ ಸಲ್ಲದು. ಅಳತೆಪಾತ್ರೆಯಿಂದಲೇ ಹಾಕಿ, ಮದ್ದಿಗೂ ಗುಂಡಿಗೂ ನಡುವೆ ಖಾಲಿ ಜಾಗ ಉಳಿಯದಂತೆ ಒತ್ತಬೇಕು. ಹಿತ್ತಾಳೆಯ ಚೌಕಟ್ಟಿದ್ದರೆ ಅಳತೆ ಇನ್ನೂ ಕಡಿಮೆಯಿರಬೇಕು, ಏಕೆಂದರೆ ಉಕ್ಕಿಗಿಂತ ಮೆದುವಾದ ಹಿತ್ತಾಳೆ ಹೆಚ್ಚು ಮದ್ದಿನ ಹೊಡೆತಕ್ಕೆ ಕ್ರಮೇಣ ಹಿಗ್ಗಿ ಸಡಿಲಗೊಳ್ಳುತ್ತದೆ.